ಓಡ್ತಾ ಇದೆ ಅಲ್ವಾ, ಮತ್ತೇನು?

ಆಸ್ಪತ್ರೆಯ ಮಷೀನ್ ರಿಪೇರಿ ನನ್ನ ಕೆಲಸ. ನಮ್ಮ ಸರ್ವಿಸ್ ರಿಪೋರ್ಟಿನಲ್ಲಿ ಎರಡೇ ಕಾಲಂ. ಒಂದು ವರ್ಕಿಂಗ್, ಇನ್ನೊಂದು ನಾಟ್ ವರ್ಕಿಂಗ್. ಆಸ್ಪತ್ರೆಯಲ್ಲಿ ಯಾವ ಮಷೀನ್ ನೋಡಿದರೂ ಕೊನೆಗೆ ಈ ಎರಡರಲ್ಲಿ ಒಂದಕ್ಕೆ ಟಿಕ್ ಹಾಕಬೇಕು, ಕೆಳಗೆ ಸಿಸ್ಟರ್ ಸಹಿ, ಪಕ್ಕದಲ್ಲಿ ಸೀಲು, ಅಲ್ಲಿಗೆ ಕಾಲ್ ಕ್ಲೋಸ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದರ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಮಷೀನ್ ಅಂದಮೇಲೆ ಓಡುತ್ತದೆ, ಇಲ್ಲ ಕೆಟ್ಟು ನಿಲ್ಲುತ್ತದೆ. ಮೂರನೆಯದು ಏನಿರುತ್ತದೆ? ಈಗ ಆ ಫಾರಂ ತುಂಬುವಾಗ ಕೈ ತಡೆಯುತ್ತದೆ. ಇಷ್ಟು ವರ್ಷದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ ಮಷೀನುಗಳೆಲ್ಲ ಚೆನ್ನಾಗಿ ಓಡುತ್ತಿದ್ದವು. ಲೈಟ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಪರದೆ ಮೇಲೆ ನಂಬರ್ ಬರುತ್ತಿತ್ತು. ಆಗಬೇಕಾದ ಕೆಲಸ ಮಾತ್ರ ಆಗುತ್ತಿರಲಿಲ್ಲ.

ಕೆಟ್ಟು ನಿಂತ ಮಷೀನ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಫ, ರಕ್ತ ಎಳೆದು ತೆಗೆಯುವ ಕರೆಂಟಿನ ಸಕ್ಷನ್ ಮಷೀನ್ ಎಳೆಯದಿದ್ದರೆ ಸಿಸ್ಟರ್ ಓಡಿಹೋಗಿ ಕಾಲಲ್ಲಿ ಒತ್ತುವ ಸಕ್ಷನ್ ತರುತ್ತಾರೆ. ಎಕ್ಸ್‌ರೇ ಬರದಿದ್ದರೆ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ. ರೋಗಿಯ ಕಡೆಯವರು ಗಲಾಟೆ ಮಾಡುತ್ತಾರೆ, ಊರಿನ ಪೇಪರ್‌ನವರು ಬಂದು ಬಾಗಿಲಿಗೆ ಹಾಕಿದ ಬೀಗದ ಫೋಟೋ ತೆಗೆಯುತ್ತಾರೆ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಆಫೀಸಿನಿಂದ ಫೋನ್ ಬರುತ್ತದೆ, ಆ ಫೋನ್ ಸುತ್ತಿ ಬಳಸಿ ನನ್ನ ಹತ್ತಿರ ಬಂದು, ನಾನು ಬೆಳಗಿನ ಮೊದಲ ಬಸ್ಸು ಹಿಡಿಯುತ್ತೇನೆ. "ಕಂಪನಿಯವ್ರು ಬಂದ್ರು" ಅಂತ ವಾರ್ಡಿನಲ್ಲಿ ಒಂದು ಸದ್ದು ಏಳುತ್ತದೆ. ನಾನು ಯಾವ ಮಷೀನ್ ಕಂಪನಿಯವನೂ ಅಲ್ಲ, ಒಂದು ಸಣ್ಣ ಸರ್ವಿಸ್ ಏಜೆನ್ಸಿಯವನು. ಆದರೂ ಸ್ಕ್ರೂಡ್ರೈವರ್ ಹಿಡಿದು ಬಂದವರೆಲ್ಲ ಆಸ್ಪತ್ರೆಗೆ ಕಂಪನಿಯವರೇ. ಇರಲಿ. ಹೇಳಬೇಕಾಗಿರುವುದು ಇಷ್ಟು: ನಿಂತ ಮಷೀನ್ ಸುತ್ತ ಜನ ಏನಾದರೂ ಮಾಡುತ್ತಾರೆ. ಓಡುವ ಮಷೀನ್ ಪಕ್ಕ ಎಲ್ಲರೂ ನಿಶ್ಚಿಂತೆಯಾಗಿ ಇರುತ್ತಾರೆ.

ಗುಳ್ಳೆ ಬರ್ತಾ ಇದೆಯಲ್ಲ ಸರ್

ಮಲೆನಾಡಿನ ಸೆರಗಿನಲ್ಲಿರುವ ಒಂದು ತಾಲ್ಲೂಕು ಆಸ್ಪತ್ರೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ನಾನು ಹೋಗಿದ್ದು ಹೆರಿಗೆ ವಾರ್ಡಿನ ಸಕ್ಷನ್ ನೋಡಲು. ಒಳಗಿನ ಡಯಾಫ್ರಂ ಹರಿದಿತ್ತು, ಬ್ಯಾಗಿನಲ್ಲಿ ಇನ್ನೊಂದು ಇತ್ತು, ಕೆಲಸ ಬೇಗ ಮುಗಿಯಿತು. ಸಹಿ ಹಾಕಿಸಲು ಸಿಸ್ಟರನ್ನು ಹುಡುಕಿಕೊಂಡು ಗಂಡಸರ ವಾರ್ಡಿಗೆ ಹೋದೆ. ಅವರು ಒಬ್ಬ ಅಜ್ಜನ ಮಂಚದ ಹತ್ತಿರ ನಿಂತಿದ್ದರು. ದಮ್ಮಿನ ಕಾಯಿಲೆಯ ಅಜ್ಜ. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ್ದರು, ಮೂಗಿಗೆ ಆಕ್ಸಿಜನ್ ನಳಿಕೆ, ಪಕ್ಕದಲ್ಲಿ ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡುವ ಕಾನ್ಸಂಟ್ರೇಟರ್ ಓಡುತ್ತಿತ್ತು. ಮಗಳು ಬೆನ್ನು ನೀವುತ್ತಿದ್ದಳು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಬೆರಳಿನ ಮೀಟರಿನಲ್ಲಿ 82, 83, ಮತ್ತೆ 82. ಅಂಥ ಕಾಯಿಲೆಯವರಿಗೆ 88ರಿಂದ 92ರ ಒಳಗೆ ಇದ್ದರೆ ಸಾಕು ಅನ್ನುತ್ತಾರೆ ಡಾಕ್ಟರು. ಇದು ಅಷ್ಟಕ್ಕೂ ಏರುತ್ತಿರಲಿಲ್ಲ. "ಬೆಳಿಗ್ಗೆಯಿಂದ ಐದು ಲೀಟರ್ ಕೊಡ್ತಾ ಇದ್ದೀವಿ, ಏಳ್ತಾನೇ ಇಲ್ಲ. ಜಿಲ್ಲಾಸ್ಪತ್ರೆಗೆ ಕಳಿಸೋಕೆ 108ಕ್ಕೆ ಹೇಳಿದ್ದೀವಿ" ಅಂದರು ಸಿಸ್ಟರ್, ಸಹಿ ಹಾಕುತ್ತಾ.

ಅವತ್ತು ನನ್ನ ಬ್ಯಾಗಿನಲ್ಲಿ ಆಕ್ಸಿಜನ್ ಅನಲೈಸರ್ ಇತ್ತು. ಅದು ದಿನಾ ನನ್ನ ಹತ್ತಿರ ಇರುವ ಸಾಮಾನಲ್ಲ. ಹಿಂದಿನ ದಿನ ಒಂದು ನರ್ಸಿಂಗ್ ಹೋಮಿನ ವೆಂಟಿಲೇಟರ್ ಚೆಕ್ ಮಾಡಲು ತಂದಿದ್ದೆ, ವಾಪಸ್ ಕೊಟ್ಟಿರಲಿಲ್ಲ. "ಸಿಸ್ಟರ್, ಒಂದ್ ನಿಮಿಷ ಈ ಮಷೀನ್ ನೋಡ್ಲಾ?" ಅಂದೆ. "ಅದು ಸರಿ ಇದೆ ಸರ್, ಬಾಟ್ಲಿಯಲ್ಲಿ ಗುಳ್ಳೆ ಬರ್ತಾ ಇದೆಯಲ್ಲ" ಅಂದರು. ಬರುತ್ತಿತ್ತು, ನಿಜ. ನೀರಿನ ಬಾಟಲಿಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಫ್ಲೋ ಮೀಟರಿನ ಗುಂಡು ಸರಿಯಾಗಿ ಐದರ ಮೇಲೆ ನಿಂತಿತ್ತು. ಅಜ್ಜನನ್ನು ಸಿಲಿಂಡರಿಗೆ ಬದಲಾಯಿಸಲು ಹೇಳಿ, ಮಷೀನಿನ ಬಾಯಿಗೆ ಅನಲೈಸರ್ ಸಿಕ್ಕಿಸಿದೆ. ಸರಿಯಾದ ಕಾನ್ಸಂಟ್ರೇಟರ್ ಆದರೆ ಆಕ್ಸಿಜನ್ ನೂರಕ್ಕೆ 90ರಿಂದ 96ರ ಒಳಗೆ ಬರಬೇಕು. ಇದು 47ಕ್ಕೆ ಏರಿ ನಿಂತುಬಿಟ್ಟಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. 46. ನಾವು ಸುಮ್ನೆ ಉಸಿರಾಡುವ ಗಾಳಿಯಲ್ಲೇ 21 ಇರುತ್ತದೆ. ಗುಳ್ಳೆಯಲ್ಲಿ ಬರುತ್ತಿದ್ದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ವಾರ್ಡಿನ ಬರೀ ಗಾಳಿ. ಆ ಹೊತ್ತಿಗೆ ಸಿಲಿಂಡರಿನ ಮೇಲೆ ಅಜ್ಜನ ನಂಬರ್ 89ಕ್ಕೆ ಬಂದಿತ್ತು. ಮಗಳು ಮಷೀನ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಏನೂ ಕೇಳಲಿಲ್ಲ. ಸಿಸ್ಟರ್ ಮಾತ್ರ ಕೇಳಿದರು, "ಓಡ್ತಾನೇ ಇತ್ತಲ್ಲ ಸರ್?"

ಅವರ ತಪ್ಪು ಏನೂ ಇಲ್ಲ. ಹೊರಗಿಂದ ನೋಡಿ ಹೇಳುವ ದಾರಿಯೇ ಇಲ್ಲ. ಕಾನ್ಸಂಟ್ರೇಟರ್ ಒಳಗೆ ಜಿಯೋಲೈಟ್ ಅನ್ನುವ ಸಣ್ಣ ಸಣ್ಣ ಮಣಿ ತುಂಬಿದ ಎರಡು ಡಬ್ಬ ಇರುತ್ತವೆ. ಕಂಪ್ರೆಸರ್ ಹೊರಗಿನ ಗಾಳಿ ಎಳೆದು ಅದರೊಳಗೆ ಒತ್ತುತ್ತದೆ, ಮಣಿ ನೈಟ್ರೋಜನ್ ಹಿಡಿದುಕೊಳ್ಳುತ್ತದೆ, ಉಳಿದ ಆಕ್ಸಿಜನ್ ಮುಂದೆ ಹೋಗುತ್ತದೆ. ಒಂದು ಡಬ್ಬ ಕೆಲಸ ಮಾಡುವಾಗ ಇನ್ನೊಂದು ತಾನು ಹಿಡಿದದ್ದನ್ನು ಹೊರಗೆ ಉಗುಳುತ್ತದೆ, ಆ ಟಸ್ ಪುಸ್ ಸದ್ದು ಅದರದ್ದೇ. ಈ ಮಣಿಗೆ ದೊಡ್ಡ ಶತ್ರು ತೇವ. ತೇವ ಹಿಡಿದರೆ ನೈಟ್ರೋಜನ್ ಹಿಡಿಯುವ ಶಕ್ತಿ ಹೋಗುತ್ತದೆ. ಕಂಪ್ರೆಸರಿಗೆ ಮಾತ್ರ ಏನೂ ಆಗಿರುವುದಿಲ್ಲ, ಅದು ಮೊದಲಿನ ಹಾಗೇ ಗಾಳಿ ಒತ್ತುತ್ತದೆ. ಅದೇ ಸದ್ದು, ಅದೇ ಗುಳ್ಳೆ. ಒಳ್ಳೆಯ ಮಾಡೆಲ್‌ಗಳಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಮಟ್ಟ ಇಳಿದರೆ ಹಳದಿ ಲೈಟ್ ಹತ್ತಿ ಕೂಗುತ್ತದೆ. 2021ರ ಎರಡನೇ ಅಲೆಯಲ್ಲಿ ಯಾರಿಗೆ ಏನು ಸಿಕ್ಕಿತೋ ಅದನ್ನು ತಂದರು. ದಾನಿಗಳು ಕೊಟ್ಟರು, ಹೊರದೇಶದಿಂದ ಬಂತು, ಆಸ್ಪತ್ರೆಗಳಲ್ಲಿ ಸಾಲಾಗಿ ಇಟ್ಟರು. ಆ ಹೊತ್ತಿಗೆ ಸೆನ್ಸರ್ ಇದೆಯಾ ಅಂತ ಕೇಳುವ ಪುರುಸೊತ್ತು ಯಾರಿಗಿತ್ತು? ಅಲೆ ಇಳಿದ ಮೇಲೆ ಎಷ್ಟೋ ಮಷೀನುಗಳು ಸ್ಟೋರ್ ರೂಮು ಸೇರಿದವು. ಮಲೆನಾಡಿನ ಕಡೆಯ ಸ್ಟೋರ್ ರೂಮು ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಬಟ್ಟೆಯೇ ಒಣಗುವುದಿಲ್ಲ. ಈ ಮಷೀನ್ ಅಂಥ ಕೋಣೆಯಲ್ಲಿ ಮಳೆಗಾಲ ಕಳೆದು ಹೊರಗೆ ಬಂದಿತ್ತು. ಸ್ವಿಚ್ ಹಾಕಿದರು, ಓಡಿತು. ರಿಜಿಸ್ಟರಿನಲ್ಲಿ ವರ್ಕಿಂಗ್ ಅಂತ ಬರೆದರು. ಬರೆದವರ ಕಣ್ಣಿಗೆ ಅದು ಸತ್ಯವೇ.

ನಾನು ಓಡುವ ಮಷೀನಿಗೆ ನಾಟ್ ವರ್ಕಿಂಗ್ ಟಿಕ್ ಹಾಕಿ ಬಂದೆ. ಸಂಜೆ ನಮ್ಮ ಆಫೀಸಿನಿಂದ ಫೋನು. "ಕಂಪ್ರೆಸರ್ ಓಡ್ತಾ ಇದೆ ಅಂತೀರಿ, ಫ್ಲೋ ಬರ್ತಾ ಇದೆ ಅಂತೀರಿ, ಹೆಂಗ್ರೀ ನಾಟ್ ವರ್ಕಿಂಗ್ ಹಾಕ್ತೀರಿ? ಯಾರೂ ಕಂಪ್ಲೇಂಟೇ ಕೊಟ್ಟಿಲ್ವಲ್ಲ." ಕಂಪ್ಲೇಂಟ್ ಕೊಡಬೇಕಾಗಿದ್ದದ್ದು ಆ ಅಜ್ಜ ಒಬ್ಬನೇ, ಅವನಿಗೆ ಮಾತಾಡಲು ಉಸಿರಿರಲಿಲ್ಲ. ಇದನ್ನು ಫೋನಿನಲ್ಲಿ ಹೇಳಲಿಲ್ಲ. ಡಬ್ಬ ಎರಡೂ ಬದಲಾಯಿಸಬೇಕು, ಕೊಟೇಶನ್ ಕಳಿಸಿ ಅಂದೆ.

95, 90, 80

ಆಫೀಸಿನವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಅವರು ಬದುಕುವುದು ಅಪ್‌ಟೈಮ್ ಅನ್ನುವ ಲೆಕ್ಕದ ಮೇಲೆ, ಅಂದರೆ ಮಷೀನ್ ನೂರಕ್ಕೆ ಎಷ್ಟು ಹೊತ್ತು ಓಡುವ ಸ್ಥಿತಿಯಲ್ಲಿ ಇತ್ತು ಅನ್ನುವ ಲೆಕ್ಕ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಪಕರಣಗಳು ಕೆಟ್ಟು ಬಿದ್ದಿರುತ್ತವೆ ಅನ್ನುವುದು ಹಳೆಯ ಕಥೆ. ಅದಕ್ಕೆಂದೇ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ 2015ರಲ್ಲಿ ಉಪಕರಣ ನಿರ್ವಹಣೆಯ ಒಂದು ಕಾರ್ಯಕ್ರಮ ಶುರುವಾಯಿತು. ಮೊದಲು ರಾಜ್ಯ ರಾಜ್ಯಗಳಲ್ಲಿ ಇರುವ ಮಷೀನುಗಳನ್ನೆಲ್ಲ ಪಟ್ಟಿ ಮಾಡಿದರು. ರಾಜ್ಯಕ್ಕೆ ತಕ್ಕಂತೆ ನೂರಕ್ಕೆ 13ರಿಂದ 34ರವರೆಗೆ ಉಪಕರಣಗಳು ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ನಿರ್ವಹಣೆಯನ್ನು ಏಜೆನ್ಸಿಗಳಿಗೆ ಕೊಟ್ಟು ಗುರಿ ಇಟ್ಟರು. ಜಿಲ್ಲಾಸ್ಪತ್ರೆಯಲ್ಲಿ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) 80 ಪರ್ಸೆಂಟ್ ಅಪ್‌ಟೈಮ್ ಇರಬೇಕು. ಇಳಿದರೆ ದಂಡ. ನಿಜ ಹೇಳಬೇಕೆಂದರೆ ಇದರಿಂದ ಬಹಳ ಒಳ್ಳೆಯದಾಗಿದೆ. ಮೊದಲು ಒಂದು ಫ್ಯೂಸ್ ಹೋದ ಮಷೀನ್ ಮೇಲೆ ವರ್ಷಗಟ್ಟಲೆ ಧೂಳು ಕೂರುತ್ತಿತ್ತು, ಅದರ ಮೇಲೆ ಫೈಲು ಪೇರಿಸುತ್ತಿದ್ದರು. ಈಗ ಮಷೀನಿಗೆ ಒಂದು ಸ್ಟಿಕ್ಕರ್ ಇದೆ, ಅದಕ್ಕೊಂದು ನಂಬರ್ ಇದೆ, ಫೋನ್ ಮಾಡಿದರೆ ಯಾರಾದರೂ ಬರುತ್ತಾರೆ.

ಆದರೆ ಆ ಲೆಕ್ಕದ ಪ್ರಕಾರ 47 ಪರ್ಸೆಂಟ್ ಆಕ್ಸಿಜನ್ ಕೊಡುತ್ತಿದ್ದ ನಮ್ಮ ಕಾನ್ಸಂಟ್ರೇಟರಿನ ಅಪ್‌ಟೈಮ್ ಪೂರ್ತಿ ನೂರು. ನಾನು ಹೋಗಿ ಅದನ್ನು ನಿಲ್ಲಿಸಿದ ದಿನದಿಂದ ಆಸ್ಪತ್ರೆಯ ಅಂಕಿ ಇಳಿಯಿತು. ಕಾಗದದ ಮೇಲೆ ನೋಡಿದರೆ ಹಾಳು ಮಾಡಿದವನು ನಾನು.

ಕ್ಯಾಲಿಬ್ರೇಷನ್, ಅಂದರೆ ಮಷೀನಿನ ಅಳತೆ ಸರಿ ಇದೆಯಾ ಅಂತ ಅಳೆದು ನೋಡುವುದು, ಒಪ್ಪಂದದಲ್ಲಿ ಇರುವುದಿಲ್ಲ ಅಂತಲ್ಲ. ಇರುತ್ತದೆ. ಎಷ್ಟೋ ಕಡೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ, ಸ್ವಚ್ಛತೆ ನೋಡುವ ಎನ್‌ಕ್ವಾಸ್‌ಗೋ ಕಾಯಕಲ್ಪಕ್ಕೋ ತಪಾಸಣೆಯವರು ಬರುವ ದಿನ ಹತ್ತಿರವಾದಾಗ ಫೋನ್ ಮೇಲೆ ಫೋನ್ ಬರುತ್ತದೆ. "ಸರ್, ಸ್ಟಿಕ್ಕರ್ ಡೇಟ್ ಮುಗಿದಿದೆ, ಬಂದು ಹೊಸದು ಅಂಟಿಸಿ ಹೋಗಿ." ಮಷೀನ್ ಚೆಕ್ ಮಾಡಿ ಅಂತಲ್ಲ, ಸ್ಟಿಕ್ಕರ್ ಅಂಟಿಸಿ ಅಂತ. ಹಾಗೆ ಬರೀ ಅಂಟಿಸಿ ಹೋಗುವವರೂ ನಮ್ಮ ಲೈನಿನಲ್ಲಿ ಇದ್ದಾರೆ, ಸುಳ್ಳು ಯಾಕೆ ಹೇಳಲಿ.

ನೀಲಿ ಬೆಳಕು

ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ನೀಲಿ ಲೈಟಿನ ಕೆಳಗೆ ಮಲಗಿಸುತ್ತಾರಲ್ಲ, ಆ ಫೋಟೋಥೆರಪಿ ಮಷೀನ್ ಕಥೆ ನನಗೆ ಬಹಳ ಇಷ್ಟ. ಅದನ್ನು ಶುರು ಮಾಡಿಸಿದ್ದು ಒಬ್ಬ ನರ್ಸ್. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆ, 1950ರ ದಶಕ. ಸಿಸ್ಟರ್ ಜೀನ್ ವಾರ್ಡ್ ಅಂತ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನವರು. ಬಿಸಿಲು ಬಂದರೆ ಮಕ್ಕಳನ್ನು ಅಂಗಳಕ್ಕೆ ತರುತ್ತಿದ್ದರು. ಒಂದು ದಿನ ಒಂದು ಮಗುವನ್ನು ಡಾಕ್ಟರಿಗೆ ತೋರಿಸಿದರು. ಮೈಯೆಲ್ಲ ಬಣ್ಣ ತಿಳಿಯಾಗಿದೆ, ಬಟ್ಟೆಯ ಮೂಲೆ ಮುಚ್ಚಿದ್ದ ಜಾಗದಲ್ಲಿ ಮಾತ್ರ ಮುಕ್ಕೋನಾಕಾರದಲ್ಲಿ ಹಳದಿ ಹಾಗೇ ಉಳಿದಿದೆ. ಅಲ್ಲಿಂದ ಹೊರಟ ವಿಚಾರ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನವಾಗಿ ಬಂತು. ಇವತ್ತು ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಘಟಕದಿಂದ (ಎಸ್‌ಎನ್‌ಸಿಯು) ತಾಲ್ಲೂಕು ಆಸ್ಪತ್ರೆಯ ಸಣ್ಣ ಮಕ್ಕಳ ಘಟಕದವರೆಗೆ ಎಲ್ಲ ಕಡೆ ಆ ಲೈಟ್ ಇದೆ.

ಆ ನರ್ಸಿನ ಕಣ್ಣು ಕಂಡದ್ದನ್ನು ಯಾರ ಕಣ್ಣೂ ಕಂಡಿರಲಿಲ್ಲ. ಆದರೆ ಈ ಲೈಟಿನ ಶಕ್ತಿ ಎಷ್ಟು ಉಳಿದಿದೆ ಅಂತ ಅಳೆಯಲು ಅಂಥ ಕಣ್ಣೂ ಸಾಲದು. ಕೆಲಸಕ್ಕೆ ಬರುವುದು 460ರಿಂದ 490 ನ್ಯಾನೋಮೀಟರ್ ಆಸುಪಾಸಿನ ಬೆಳಕು. ತೀವ್ರ ಚಿಕಿತ್ಸೆ ಬೇಕಾದ ಮಗುವಿಗೆ ಮೀಟರಿನಲ್ಲಿ ಕನಿಷ್ಠ 30 ಬರಬೇಕು. ಹಳೆಯ ಟ್ಯೂಬುಗಳು ಸಾವಿರಾರು ಗಂಟೆ ಉರಿದ ಮೇಲೆ ನೋಡಲು ಅಷ್ಟೇ ನೀಲಿಯಾಗಿರುತ್ತವೆ, ಮೀಟರ್ ಹಿಡಿದರೆ ಅರ್ಧವೂ ಇರುವುದಿಲ್ಲ. ಎಲ್‌ಇಡಿ ಬಂದ ಮೇಲೆ ಈ ತೊಂದರೆ ಬಹಳ ಕಡಿಮೆಯಾಗಿದೆ, ಆದರೂ ಕೆಳಗಿನ ಅಕ್ರಿಲಿಕ್ ಹಾಳೆ ಮೇಲೆ ಧೂಳು ಕೂತರೆ, ಮಗುವಿನಿಂದ ಲೈಟನ್ನು ಒಂದು ಮೊಳ ಮೇಲಕ್ಕೆ ಎತ್ತಿಟ್ಟರೆ ಮತ್ತೆ ಅದೇ ಕಥೆ. ಒಂದು ಕಡೆ ಸುಟ್ಟ ನೀಲಿ ಟ್ಯೂಬಿನ ಜಾಗಕ್ಕೆ ಅಂಗಡಿಯ ಬಿಳಿ ಟ್ಯೂಬ್ ಹಾಕಿದ್ದರು. ಬೆಳಕು ಮೊದಲಿಗಿಂತ ಜಾಸ್ತಿಯೇ ಕಾಣುತ್ತಿತ್ತು. ಹಾಕಿದ ಎಲೆಕ್ಟ್ರಿಷಿಯನ್‌ಗೆ ಯಾರಾದರೂ ಹೇಳಿದ್ದರೆ ತಾನೇ ಅವನಿಗೆ ಗೊತ್ತಾಗುವುದು? ಅವನ ಲೆಕ್ಕದಲ್ಲಿ ಉರಿಯದ ಟ್ಯೂಬ್ ಹೋಗಿ ಉರಿಯುವ ಟ್ಯೂಬ್ ಬಂದಿತ್ತು.

ಆಪರೇಷನ್ ಬಟ್ಟೆ, ಸಾಮಾನನ್ನು ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಆಟೋಕ್ಲೇವ್ ಇನ್ನೊಂದು. ಮುಳ್ಳು 15 ಪಿಎಸ್‌ಐ ತೋರಿಸಿದರೆ ಒಳಗೆ 121 ಡಿಗ್ರಿ ಇದೆ ಅಂತ ನಾವು ನಂಬುತ್ತೇವೆ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಿರದಿದ್ದರೆ ಒತ್ತಡ ಬಂದಿರುತ್ತದೆ, ಅಷ್ಟು ಬಿಸಿ ಬಂದಿರುವುದಿಲ್ಲ. ಡ್ರಮ್ಮಿನ ಮೇಲಿನ ಟೇಪು ಗೆರೆ ಕಪ್ಪಾದರೆ ಸಾಕು ಅಂದುಕೊಳ್ಳುವವರು ಬಹಳ ಜನ. ಆ ಟೇಪು ಹೇಳುವುದು ಡ್ರಮ್ಮು ಬಿಸಿ ಕಂಡಿದೆ ಅಂತ ಅಷ್ಟೇ. ಒಳಗಿನ ಬಟ್ಟೆಯ ನಡುಮಡಿಕೆಯವರೆಗೆ ಹಬೆ ಹೋಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಇದರ ಉಲ್ಟಾ

ಸರಿಯಾಗಿರುವ ಮಷೀನ್ ಕೆಟ್ಟಿದೆ ಅಂತ ಕರೆಯುವುದೂ ಇದೆ. ಬಯಲುಸೀಮೆಯ ಕಡೆ ಏಪ್ರಿಲ್ ಬಂತೆಂದರೆ ಇಸಿಜಿ ಕಾಲ್ ಜಾಸ್ತಿ. ಚಿತ್ರದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಸ ಇಸಿಜಿ ಮಷೀನ್ ಬಂದು ಇನ್ನೂ ವರ್ಷ ಆಗಿರಲಿಲ್ಲ. ಪೇಪರ್ ಮೇಲೆ ಗೆರೆ ಬರುವ ಬದಲು ದಪ್ಪಗೆ ಹುಲ್ಲು ಹಾಸಿದ ಹಾಗೆ ಬರುತ್ತಿತ್ತು. ಹೃದಯದಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟ್ ಆಸುಪಾಸಿನದು, ನಮ್ಮ ಗೋಡೆಯ ಒಳಗೆ ಓಡುವುದು 230 ವೋಲ್ಟ್. ಆ 50 ಹರ್ಟ್ಸ್ ಸದ್ದು ಸ್ವಲ್ಪ ಒಳಗೆ ನುಸುಳಿದರೂ ಹೃದಯದ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ಕೇಬಲ್ ಬದಲಾಯಿಸಿದ್ದರು, ಜೆಲ್ ಬದಲಾಯಿಸಿದ್ದರು, ಫಿಲ್ಟರ್ ಎಲ್ಲ ಆನ್ ಮಾಡಿದ್ದರು. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಎಎಂಓ ಸರ್, ಹೊಸ ಮಷೀನ್ ಬೇಕು ಅಂತ ಇಂಡೆಂಟ್ ಬರೆಸಿಟ್ಟಿದ್ದರು.

ಮಲ್ಟಿಮೀಟರ್ ಹಿಡಿದು ಸಾಕೆಟಿನಲ್ಲಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ನೋಡಿದೆ. ಎರಡು ಮೂರು ವೋಲ್ಟ್ ಮೀರಬಾರದು. ಇಪ್ಪತ್ತರ ಮೇಲೆ ಇತ್ತು. ಅರ್ಥಿಂಗ್ ವೈರನ್ನು ನೆಲಕ್ಕೆ ಸೇರಿಸುವ ಗುಂಡಿ ಎಲ್ಲಿದೆ ಅಂದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಹಳೆಯ ಗ್ರೂಪ್ ಡಿ ನೌಕರರೊಬ್ಬರು, ಎಲ್ಲರೂ ಅಣ್ಣ ಅನ್ನುವವರು, ಕಟ್ಟಡದ ಹಿಂದೆ ಕರೆದುಕೊಂಡು ಹೋದರು. ಮುರಿದ ಮಂಚಗಳ ರಾಶಿ ಸರಿಸಿದರೆ ಕೆಳಗೆ ಸಿಮೆಂಟ್ ಮುಚ್ಚಳ. ಒಳಗೆ ಇದ್ದಿಲು, ಉಪ್ಪು ಎಲ್ಲ ಒಣಗಿ ಬಿರುಕು ಬಿಟ್ಟಿತ್ತು. "ಕಟ್ಟಿದಾಗ ಕಂಟ್ರಾಕ್ಟರ್ ನೀರ್ ಹಾಕ್ತಾ ಇರ್ರಿ ಅಂದಿದ್ರು ಸ್ವಾಮಿ. ಆಮೇಲೆ ಬೋರೇ ಬತ್ತೋಯ್ತು, ಗಿಡಕ್ಕೇ ನೀರಿಲ್ಲ, ಗುಂಡಿಗೆಲ್ಲಿ ಹಾಕೋದು" ಅಂದರು. ಬಕೆಟ್ ಮೇಲೆ ಬಕೆಟ್ ಹೊತ್ತು ಇಬ್ಬರೂ ಸುರಿದೆವು. ಗುಂಡಿ ಮೊದಲ ಬಕೆಟ್‌ಗಳನ್ನು ಸದ್ದು ಮಾಡಿ ಕುಡಿಯಿತು. ಊಟ ಮುಗಿಸಿ ಬಂದು ಮತ್ತೆ ಇಸಿಜಿ ತೆಗೆದರೆ ಗೆರೆ ಸ್ವಚ್ಛವಾಗಿ ಬಂತು. ಸಂತೋಷದಲ್ಲಿ ಅಣ್ಣನದೇ ಇಸಿಜಿ ತೆಗೆದು ಪ್ರಿಂಟ್ ಕೊಟ್ಟೆವು. ಅವರು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡು "ಸರಿ ಐತಾ?" ಅಂದರು. ಅದು ಡಾಕ್ಟರನ್ನು ಕೇಳಿ ಅಂದೆ.

ಆದರೆ ನನಗೆ ಉಳಿದ ಯೋಚನೆ ಬೇರೆ. ಆ ಆಸ್ಪತ್ರೆಯಲ್ಲಿ ಇಸಿಜಿ ಒಂದೇ ಅಲ್ಲ, ಉಳಿದ ಮಷೀನುಗಳೂ ಅದೇ ಒಣ ಗುಂಡಿಯ ಮೇಲೆ ನಿಂತಿದ್ದವು. ಮಗುವನ್ನು ಬೆಚ್ಚಗಿಡುವ ವಾರ್ಮರ್, ಮಾನಿಟರ್, ಓಟಿಯಲ್ಲಿ ಕರೆಂಟಿನಿಂದ ಕೊಯ್ಯುವ ಕಾಟರಿ, ಎಲ್ಲ. ಅವು ಯಾವುವೂ ದೂರು ಹೇಳಿರಲಿಲ್ಲ, ಏಕೆಂದರೆ ಅರ್ಥಿಂಗ್ ಇಲ್ಲದಿದ್ದರೂ ಅವು ಓಡುತ್ತವೆ. ಒಳಗೆ ಎಲ್ಲಾದರೂ ವೈರ್ ಮಷೀನಿನ ಹೊರಮೈಗೆ ತಾಗುವವರೆಗೆ ಓಡುತ್ತವೆ. ವಾರ್ಡುಗಳಲ್ಲಿ ಸುತ್ತಿದರೆ ಮೂರನೇ ಪಿನ್ ಮುರಿದು ಹಾಕಿದ ಪ್ಲಗ್ಗುಗಳು, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸುಗಳು ಬೇಕಾದಷ್ಟು ಸಿಗುತ್ತವೆ. ಎಲ್ಲದರ ಮೇಲೂ ವರ್ಕಿಂಗ್ ಸ್ಟಿಕ್ಕರ್. ಇಸಿಜಿಗೆ ಸಣ್ಣ ಸಿಗ್ನಲ್ ಹಿಡಿಯುವ ಕೆಲಸ, ಅದಕ್ಕೇ ಅದು ಮೊದಲು ಬಾಯಿಬಿಟ್ಟಿತು. ಅದಕ್ಕೆ ನಾವು ಕೊಡಲು ಹೊರಟಿದ್ದ ಬಹುಮಾನ ಗುಜರಿಗೆ ಹಾಕುವ ಕಂಡೆಮ್ ಪಟ್ಟಿ.

ಅಳೆಯುವ ಮಷೀನ್ ಎಲ್ಲಿದೆ?

ಹಾಗಾದರೆ ಎಲ್ಲ ಮಷೀನನ್ನೂ ಅಳೆದೇ ಟಿಕ್ ಹಾಕಿ ಅಂತ ಸುಲಭವಾಗಿ ಹೇಳಬಹುದು. ಅಳೆಯುವ ಸಾಮಾನು ಎಲ್ಲಿಂದ ತರೋದು? ರಿಪೇರಿಗೆ ಬೇಕಾದ ಕೆಪಾಸಿಟರ್, ರಿಲೇ, ಪವರ್ ಸಪ್ಲೈ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಅರ್ಧ ದಿನ ಸುತ್ತಿದರೆ ನಾಲ್ಕು ಮಷೀನಿಗೆ ಜೀವ ಬರುವಷ್ಟು ಸಾಮಾನು ಒಂದು ಕವರಿನಲ್ಲಿ ತುಂಬಿಕೊಂಡು ಬರಬಹುದು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ನಿಜವಾಗಿ 200 ಜೂಲ್ ಕೊಡುತ್ತದಾ, ಸಿರಿಂಜ್ ಪಂಪು ಗಂಟೆಗೆ 5 ಎಂಎಲ್ ಅಂದರೆ ಐದೇ ಬಿಡುತ್ತದಾ, ವೆಂಟಿಲೇಟರ್ ಹೇಳಿದಷ್ಟು ಗಾಳಿ ಒತ್ತುತ್ತದಾ, ಇದನ್ನೆಲ್ಲ ನೋಡುವ ಅನಲೈಸರುಗಳಿಗೆ ಲಕ್ಷಗಳ ಲೆಕ್ಕ. ನಮ್ಮಂಥ ಏಜೆನ್ಸಿಯಲ್ಲಿ ಒಂದೊಂದು ಇರುತ್ತದೆ, ಅದು ಜಿಲ್ಲೆಯಿಂದ ಜಿಲ್ಲೆಗೆ ಬಸ್ಸಿನಲ್ಲಿ ಓಡಾಡುತ್ತಿರುತ್ತದೆ. ಆ ಅನಲೈಸರನ್ನೂ ಕಾಲಕಾಲಕ್ಕೆ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ ಅಳೆಸಬೇಕು. ಆ ಲ್ಯಾಬಿನ ಅಳತೆಯ ಬೇರು ಹುಡುಕುತ್ತಾ ಹೋದರೆ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರೆಗೆ ಮುಟ್ಟುತ್ತದೆ. ದೆಹಲಿಯಿಂದ ಹೊರಟ ಈ ಸರಪಳಿ ತಾಲ್ಲೂಕು ಆಸ್ಪತ್ರೆಯ ಬಾಗಿಲಿನವರೆಗೆ ಬಂದು ಒಳಗೆ ಹೋಗುವುದಿಲ್ಲ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಇನ್ನು ಕೆಲವು ಮಷೀನುಗಳಲ್ಲಿ ಅಳೆದು ತಪ್ಪು ಕಂಡುಹಿಡಿದರೂ ಸರಿ ಮಾಡಲು ಬಿಡುವುದಿಲ್ಲ. ಕ್ಯಾಲಿಬ್ರೇಷನ್ ಮೆನುಗೆ ಪಾಸ್‌ವರ್ಡ್. ಸರ್ವಿಸ್ ಮ್ಯಾನುವಲ್ ಕೇಳಿದರೆ ಕೊಡುವುದಿಲ್ಲ, ಇಂಜಿನಿಯರ್ ವಿಸಿಟ್ ಬುಕ್ ಮಾಡಿ ಅನ್ನುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರದವರು ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿದರು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು, ಮನೆಬಳಕೆ ವಸ್ತು, ವಾಹನ. ಆಸ್ಪತ್ರೆ ಮಷೀನು ಆ ಪಟ್ಟಿಯಲ್ಲಿ ಇರಲಿಲ್ಲ. ಕಂಪನಿಯವರ ವಾದವೂ ಒಂದಿದೆ, ಯಾರೋ ಗೊತ್ತಿಲ್ಲದವರು ಕೈ ಹಾಕಿದರೆ ಜೀವಕ್ಕೆ ಅಪಾಯ ಅಂತ. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಯಾರೂ ಕೈ ಹಾಕದೆ ತಪ್ಪು ನಂಬರ್ ತೋರಿಸುತ್ತಾ ಕೂತ ಮಷೀನಿನ ಅಪಾಯವನ್ನು ಯಾರ ಲೆಕ್ಕಕ್ಕೆ ಬರೆಯೋದು?

ಹಾಗಂತ ಎಲ್ಲದಕ್ಕೂ ಲಕ್ಷ ಬೇಕಿಲ್ಲ. ಬಿಪಿ ನೋಡುವ ಡಯಲ್ ಮೀಟರ್ ಪರೀಕ್ಷಿಸಲು ಬೇಕಾಗುವುದು ಒಂದು ವೈ ಆಕಾರದ ಟ್ಯೂಬ್, ಒಂದು ಸರಿಯಾದ ಡಿಜಿಟಲ್ ಪ್ರೆಶರ್ ಮೀಟರ್ ಅಷ್ಟೇ. ಎರಡನ್ನೂ ಗಾಳಿ ಒತ್ತುವ ಒಂದೇ ರಬ್ಬರ್ ಬಲ್ಬಿಗೆ ಸೇರಿಸಿ ಗಾಳಿ ತುಂಬಿ ನೋಡಿದರೆ ಮುಗಿಯಿತು. ಮೊದಲು ಪಾದರಸದ ಬಿಪಿ ಡಬ್ಬ ಇತ್ತು. ಪಾದರಸ ವಿಷ, ಅದನ್ನು ಬಿಡಬೇಕು ಅನ್ನುವ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಒಪ್ಪಿಗೆ ಕೊಟ್ಟಿದೆ, ಆ ಡಬ್ಬಗಳು ಒಂದೊಂದಾಗಿ ಹೋಗುತ್ತಿವೆ. ಹೋಗಬೇಕಾದದ್ದೇ. ಆದರೆ ಬದಲಿಗೆ ಬಂದ ಡಯಲ್ ಮೀಟರಿನ ಒಳಗೆ ಸ್ಪ್ರಿಂಗು, ಸಣ್ಣ ಹಲ್ಲುಚಕ್ರ. ಒಮ್ಮೆ ಮೇಜಿನಿಂದ ಬಿದ್ದರೆ ಸಾಕು, ಮುಳ್ಳು ತನ್ನ ದಾರಿ ಹಿಡಿಯುತ್ತದೆ. ಹಳ್ಳಿ ಸುತ್ತುವ ಆರೋಗ್ಯ ಸಹಾಯಕಿ, ಎಎನ್‌ಎಂ, ಅವರ ಬ್ಯಾಗಿನಲ್ಲಿ ಅದು ಸ್ಕೂಟಿ ಮೇಲೆ ಎಷ್ಟು ಹಳ್ಳಿ ದಾರಿ ಕಂಡಿರುತ್ತದೆ ಯೋಚನೆ ಮಾಡಿ.

ತಿಂಗಳ ಮೀಟಿಂಗು

ಒಂದು ಪಿಎಚ್‌ಸಿಯ ಡಾಕ್ಟರ್ ಮೇಡಂಗೆ ಈ ವಿಷಯ ಮಾತಿನಲ್ಲಿ ಹೇಳಿದ್ದೆ. ಅವರು ತಿಂಗಳ ಮೀಟಿಂಗಿಗೆ ಬರುವಾಗ ಎಲ್ಲ ಎಎನ್‌ಎಂಗಳೂ ತಮ್ಮ ಬಿಪಿ ಮೀಟರ್ ತರಬೇಕು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿಸಿದರು. ನನ್ನನ್ನೂ ಕರೆದರು. ವರಾಂಡದಲ್ಲಿ ಒಂದು ಟೇಬಲ್, ಮೀಟಿಂಗ್ ನಡೆಯುತ್ತಿದ್ದ ಹಾಗೇ ಒಬ್ಬೊಬ್ಬರಾಗಿ ಬಂದು ಡಬ್ಬ ಇಟ್ಟು ನಿಂತರು. ಕೆಲವು ಸರಿ ಇದ್ದವು. ಕೆಲವುದರಲ್ಲಿ ಗಾಳಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬರುತ್ತಿರಲಿಲ್ಲ, ಅದು ಕಣ್ಣಿಗೇ ಕಾಣುವ ತಪ್ಪು. ಒಬ್ಬರದ್ದು ಮಾತ್ರ ಸೊನ್ನೆಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು, ಗಾಜು ಹೊಳೆಯುತ್ತಿತ್ತು, ಪಟ್ಟಿ ಒಗೆದು ಇಟ್ಟ ಹಾಗಿತ್ತು. ನನ್ನ ಮೀಟರಿನಲ್ಲಿ 150 ಆದಾಗ ಅದರಲ್ಲಿ 138. ಮತ್ತೆ ತುಂಬಿದೆ, ಅದೇ. ಮೇಲಿನ ಅಳತೆಯಲ್ಲಿ ಎಲ್ಲ ಕಡೆ ಹನ್ನೆರಡು ಹದಿಮೂರು ಕಡಿಮೆ.

ಅವರು ಬಗ್ಗಿ ನೋಡಿದರು. ಸರ್ವಿಸ್ ಜಾಸ್ತಿ ಆಗಿರುವ ಹಿರಿಯ ಎಎನ್‌ಎಂ. "ಇದು ಕಮ್ಮಿ ತೋರಿಸ್ತಾ ಇದೆ ಅಂತಾನಾ ಸರ್?" ಅಂದರು. ಹೌದು ಮೇಡಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಗರ್ಭಿಣಿಯರಿಗೆಲ್ಲ ಇದರಲ್ಲೇ ನೋಡಿರೋದು" ಅಂದರು. ಗರ್ಭಿಣಿಗೆ 140/90 ಅನ್ನುವುದು ಗೆರೆ. ಅದು ದಾಟಿದರೆ ಮೂತ್ರ ಪರೀಕ್ಷೆ, ಡಾಕ್ಟರ ಹತ್ತಿರ ಕಳಿಸುವುದು, ನಂಜು ಏರುತ್ತಿದೆಯಾ ಅಂತ ನೋಡುವುದು. ಇವರ ಮೀಟರಿನಲ್ಲಿ 130 ಅಂತ ಬಂದು ತಾಯಿ ಕಾರ್ಡಿನಲ್ಲಿ ನಾರ್ಮಲ್ ಅಂತ ಬರೆಸಿಕೊಂಡು ಹೋದವರಲ್ಲಿ ಯಾರು ನಿಜವಾಗಿ 142 ಇದ್ದರು? ನನಗೆ ಉತ್ತರ ಗೊತ್ತಿರಲಿಲ್ಲ. ಯಾವಾಗಿನಿಂದ ಹೀಗಿದೆ ಅಂತಲೂ ಹೇಳಲು ಬರುವುದಿಲ್ಲ. ಮೊದಲು ಯಾರೂ ಅಳೆದೇ ಇಲ್ಲವಲ್ಲ.

ಮೇಡಂ ಮೀಟಿಂಗ್ ನಿಲ್ಲಿಸಿ ಹೊರಗೆ ಬಂದರು. ಆ ಎಎನ್‌ಎಂ ರಿಜಿಸ್ಟರ್ ತೆಗೆದು 125ರ ಮೇಲೆ ಬರೆದಿರುವ ಹೆಸರುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತರು. ಪಿಎಚ್‌ಸಿಯ ಸರಿ ಇರುವ ಮೀಟರ್ ಅವರ ಕೈಗೆ ಕೊಟ್ಟರು. ದಿನ ತುಂಬುತ್ತಿರುವವರನ್ನು ಮೊದಲು, ಉಳಿದವರನ್ನು ವಾರದ ಒಳಗೆ ನೋಡುವುದು ಅಂತ ಆಯಿತು. ಆಶಾ ಕಾರ್ಯಕರ್ತೆಯರಿಗೆ ಅಲ್ಲಿಂದಲೇ ಫೋನ್ ಹೋಯಿತು. ನೋಡಿದ ಮೇಲೆ ಇಬ್ಬರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು ಅಂತ ಆಮೇಲೆ ಮೇಡಂ ಹೇಳಿದರು.

ಈಗ ಆ ಪಿಎಚ್‌ಸಿಯಲ್ಲಿ ಮೂರು ತಿಂಗಳಿಗೊಮ್ಮೆ ಬಿಪಿ ಮೀಟರ್ ನೋಡುವುದು ಅಂತ ಮಾಡಿಕೊಂಡಿದ್ದಾರೆ. ನಾನು ವರ್ಕಿಂಗ್ ಟಿಕ್ ಪಕ್ಕದಲ್ಲಿ ಎಷ್ಟು ವ್ಯತ್ಯಾಸ ಅಂತ ಮಾರ್ಕರಿನಲ್ಲಿ ಬರೆದು ಅಂಟಿಸುತ್ತೇನೆ. ಅಕ್ಕಪಕ್ಕದ ಇನ್ನೊಂದು ಪಿಎಚ್‌ಸಿಯವರೂ ಕೇಳಿದ್ದಾರೆ. ಒಂದು ಕಡೆಯವರು ಮಾತ್ರ ತಪಾಸಣೆಗೆ ಮುಂಚೆ ಫೋನ್ ಮಾಡಿ, ಆ ಕೈಬರಹದ ನಂಬರ್ ತೆಗೆದುಬಿಡಿ ಸರ್, ಬಂದವರು ಸುಮ್ನೆ ಪ್ರಶ್ನೆ ಕೇಳ್ತಾರೆ ಅಂದರು. ತೆಗೆಯಲಿಲ್ಲ. ನಮ್ಮ ಆಫೀಸಿನದ್ದು ಬೇರೆ ತಲೆಬಿಸಿ. ಕೈಯಲ್ಲಿ ಹಿಡಿಯುವ ಬಿಪಿ ಮೀಟರಿಗೆ ನಮ್ಮ ಪಟ್ಟಿಯಲ್ಲಿ ನಂಬರೇ ಇಲ್ಲ, ಹಾಗಾಗಿ ಯಾರೂ ಕಾಲ್ ಬುಕ್ ಮಾಡಲು ಬರುವುದಿಲ್ಲ, ಕಾಲ್ ಇಲ್ಲದೆ ನಾನು ಹೋಗಿಬಂದ ಬಸ್ ಚಾರ್ಜು ಯಾವ ತಲೆಬರಹದಲ್ಲಿ ಹಾಕುವುದು ಅಂತ ಅಕೌಂಟ್ಸ್‌ನವರು ಇನ್ನೂ ಕೇಳುತ್ತಿದ್ದಾರೆ.